ಅಮ್ಮನ ಮುಖ ಇಲ್ಲದ ಫೋಟೋಗಳು

ನನ್ನ ಹಾರ್ಡ್ ಡಿಸ್ಕಲ್ಲಿ ಅಮ್ಮ ಅಂತ ಒಂದು ಫೋಲ್ಡರ್ ಇದೆ, ಅದರಲ್ಲಿ 400ಕ್ಕೂ ಜಾಸ್ತಿ ಫೋಟೋ ಇವೆ, ಒಂದರಲ್ಲೂ ಅಮ್ಮನ ಮುಖ ಇಲ್ಲ. ಕೈ ಇದೆ, ಬೆನ್ನಿದೆ, ಒಡೆದ ಹಿಮ್ಮಡಿ ಇದೆ, ಸೊಪ್ಪಿನ ಹೊರೆ ಹೊತ್ಕೊಂಡು ಬರೋವಾಗ ಹೊರೆ ಕೆಳಗೆ ಕಾಣೋ ಎರಡು ಕಾಲಿದೆ. ನಾನು ಕ್ಯಾಮೆರಾ ಎತ್ತಿದ ತಕ್ಷಣ ಆ ಕಡೆ ತಿರುಗಿಬಿಡ್ತಾಳೆ. ಮೊದಮೊದಲು ನಾಚಿಕೆ ಅಂದ್ಕೊಂಡಿದ್ದೆ. ಆದ್ರೆ ತಮ್ಮನ ಮದುವೇಲಿ ಫೋಟೋಗ್ರಾಫರ್ ಹೇಳಿದ ಕಡೆಗೆಲ್ಲ ತಿರುಗಿ ನಕ್ಕಿದ್ದಾಳೆ, ಆಲ್ಬಮ್ ತುಂಬ ಅವಳೇ ಇದ್ದಾಳೆ. ನನ್ನ ಕ್ಯಾಮೆರಾಗೆ ಮಾತ್ರ ಹಂಗೆ.

ಇದನ್ನ ಬರೀಬೇಕಾ ಬೇಡ್ವಾ ಅಂತ ತುಂಬ ದಿನ ಯೋಚನೆ ಮಾಡಿದೆ. ನಮ್ಮ ಕಡೆ ಅಮ್ಮನ ಬಗ್ಗೆ ಬರೆದ್ರೆ ದೇವರ ಥರ ಬರೀಬೇಕು, ಇಲ್ಲಾಂದ್ರೆ ಬರೀಬಾರ್ದು. ಅಮ್ಮನ ಮೇಲೆ ಸಿಟ್ಟಿದೆ ಅಂದ್ರೆ ಕೇಳಿದವರೇ ಎದ್ದು ಹೋಗ್ತಾರೆ. ನನಗೆ ಸಿಟ್ಟಿದೆ, ಅಮ್ಮ ಬೇಕು ಅನ್ನೋದೂ ಇದೆ, ಎರಡನ್ನೂ ಎದುರಿಗೆ ಕೂತು ಹೇಳೋಕೆ ಬಾಯಿ ಬರ್ಲಿಲ್ಲ ಅಂತಾನೇ ಫೋಟೋ ತೆಗೆದೆ, ಅದರ ಹಿಂದೆ ಪದ್ಯ ಬರೆದೆ.

ನಮ್ಮೂರು ಶಿಡ್ಲಘಟ್ಟ ತಾಲೂಕು. ರೇಷ್ಮೆ ಮನೆ ನಮ್ಮದು. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆ ಪಕ್ಕದಲ್ಲೇ ಹುಳಮನೆ, ಬೋರ್ 1,200 ಅಡಿ ಹೋಗಿದೆ ಆದ್ರೂ ನೀರು ಒಂದೂವರೆ ಇಂಚೇ. 2001ನೇ ಇಸವಿ, ನನಗೆ ಆರು ವರ್ಷ, ತಮ್ಮ ಇನ್ನೂ ಎದೆಹಾಲು ಕುಡಿಯೋ ಕೂಸು, ಆವಾಗ ನನ್ನ ಚಿಂತಾಮಣಿ ಹತ್ರ ಅಜ್ಜಿ ಊರಿಗೆ ಕರ್ಕೊಂಡು ಹೋಗಿ ಬಿಟ್ಟು ಬಂದ್ರು. ಆಗ ನಮ್ಮದಿನ್ನೂ ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಒಂದು ತಿಂಗಳು ಇದ್ದು ಬಾ ಅಂದಿದ್ರು. ನಾನು ವಾಪಸ್ ಬಂದಿದ್ದು 2006ರಲ್ಲಿ, ಆರನೇ ಕ್ಲಾಸಿಗೆ.

ಅಜ್ಜಿ ಮನೇಲಿ ಕಷ್ಟ ಏನಿರ್ಲಿಲ್ಲ, ಅದನ್ನ ಹೇಳ್ಬೇಕು. ಅಜ್ಜಿದು ತೆಲುಗು, ಸಾಯಂಕಾಲ ದೀಪ ಹಚ್ಚಿ ಕೈವಾರದ ಸಂತ ತಾತಯ್ಯನ ತತ್ವಪದ ಹೇಳೋಳು, ತೆಲುಗಿನವೂ ಕನ್ನಡದವೂ ಎರಡೂ ಬೆರೆಸಿ, ಅರ್ಥ ಕೇಳಿದ್ರೆ ದೊಡ್ಡೋಳಾದ್ಮೇಲೆ ಗೊತ್ತಾಗುತ್ತೆ ಬಿಡು ಅನ್ನೋಳು. ಮಾತನ್ನ ಹಿಂಗೂ ಜೋಡಿಸಬಹುದು ಅಂತ ನನಗೆ ಮೊದಲು ಗೊತ್ತಾಗಿದ್ದು ಅಲ್ಲಿ. ಅಮ್ಮ ವರ್ಷಕ್ಕೆ ಎರಡು ಸಲ ಬರೋಳು, ಯುಗಾದಿಗೆ ಒಂದು ಸಲ, ಕೈವಾರದ ಗುರುಪೂಜೆ ಸಂಗೀತೋತ್ಸವಕ್ಕೆ ಒಂದು ಸಲ. ಬಂದಾಗ ತಮ್ಮ ಸೊಂಟದ ಮೇಲೆ ಇರ್ತಿದ್ದ. ನಾನು ಬಾಗಿಲ ಹಿಂದೆ ನಿಂತು ನೋಡೋಳು.

ವಾಪಸ್ ಬಂದ ದಿನ ಒಂದು ವಿಷಯ ಆಯ್ತು, ಅದು ಚಿಕ್ಕದೇ, ಆದ್ರೆ ಇವತ್ತಿಗೂ ಹಂಗೇ ಕೂತಿದೆ. ಬಾಯಾರಿಕೆ ಆಗಿತ್ತು, ಅಡುಗೆಮನೆಗೆ ಹೋಗಿ "ನೀರು ಕೊಡಿ" ಅಂದೆ. ಕೊಡು ಅನ್ಲಿಲ್ಲ, ಕೊಡಿ ಅಂದೆ. ಹೊರಗಿನವರ ಮನೇಲಿ ಹಂಗೆ ಕೇಳ್ಬೇಕು ಅಂತ ಅಜ್ಜಿ ಕಲಿಸಿದ್ದಳು. ಅಮ್ಮ ಒಂದು ಕ್ಷಣ ನನ್ನ ನೋಡಿ ಚೊಂಬು ತುಂಬಿಸಿ ಕೊಟ್ಲು, ಏನೂ ಮಾತಾಡ್ಲಿಲ್ಲ. ಆಮೇಲೆ ನಾನು ನೀವು ಅನ್ನೋದನ್ನ ಬಿಟ್ಟೆ, ಆದ್ರೆ ನೀನು ಅನ್ನೋಕೂ ಆಗ್ಲಿಲ್ಲ. ಇಷ್ಟು ವರ್ಷದಿಂದ ಅಮ್ಮನ ಹತ್ರ ಮಾತಾಡೋವಾಗ ಆ ಪದಾನೇ ಬರದ ಹಾಗೆ ಮಾತು ಕಟ್ತೀನಿ. "ಊಟ ಆಯ್ತಾ", "ಮಾತ್ರೆ ತಗೊಂಡಾಯ್ತಾ", "ಯಾವಾಗ ಬರೋದು". ಪದ್ಯದಲ್ಲಿ ಮಾತ್ರ ನೀನು ಅಂತೀನಿ.

ಹದಿಮೂರಕ್ಕೆ ದೊಡ್ಡೋಳಾದೆ. ಆಗ ಹುಳಮನೆ ಬಾಗಿಲೂ ತಿಂಗಳಲ್ಲಿ ಅಷ್ಟು ದಿನ ಮುಚ್ತು. ಮುಟ್ಟಾದವರು ಹೋದ್ರೆ ಹುಳಕ್ಕೆ ರೋಗ ಬರುತ್ತೆ ಅಂತ ನಮ್ಮನೇಲಿ ನಂಬಿಕೆ. ಅಮ್ಮ ತಾನೂ ಹೋಗ್ತಿರ್ಲಿಲ್ಲ, ಆ ದಿನಗಳಲ್ಲಿ ಅಪ್ಪ ಒಬ್ಬರೇ ಒದ್ದಾಡೋರು. ಆದ್ರೆ ಅವಳು ನನಗೆ "ಆಚೆ ನಿಂತ್ಕೋ" ಅಂದಾಗ ಅದರಲ್ಲಿ ನನಗೆ ಕೇಳಿಸಿದ್ದು ಹುಳದ ವಿಷಯ ಅಲ್ಲ. ನಮ್ಮಿಬ್ಬರ ಜಗಳ ಎಲ್ಲ ತೆಲುಗಲ್ಲಿ ನಡೀತಿತ್ತು, ಅದು ಅಮ್ಮನ ತವರಿನ ಮಾತು, ನಾನು ಬೆಳೆದ ಮಾತು. ಮನೇಲಿ ಅಪ್ಪ, ತಮ್ಮ ಕನ್ನಡ. ಹಾಗಾಗಿ ನಾವು ಬೈದಾಡಿದ್ರೂ ಅವರಿಬ್ಬರಿಗೆ ಅರ್ಧ ಅರ್ಥ ಆಗ್ತಿರ್ಲಿಲ್ಲ. ಎಲ್ಲ ಜಗಳ ಮುಗಿಯೋದು ಅಮ್ಮನ "ಚಾಲು ಪೋ" ಅನ್ನೋ ಎರಡು ಪದಕ್ಕೆ. ಸಾಕು, ಹೋಗು.

ಹೋದೆ. ಬೆಂಗಳೂರಲ್ಲಿ ಡಿಗ್ರಿ, ಕೆಲಸ, ಪಿಜಿ, ಎಲ್ಲರದ್ದೂ ಹೆಂಗೋ ಹಂಗೆ. ಮೊದಲ ವರ್ಷದ ಬೋನಸ್‌ನಲ್ಲಿ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೊಂಡೆ, 50 ಎಂಎಂ ಲೆನ್ಸ್ ಜೊತೆ. 2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಬಂದವಳು ಎಂಟು ತಿಂಗಳು ಇದ್ದೆ. ಬುದ್ಧಿ ಬಂದ ಮೇಲೆ ಅಮ್ಮನ ಜೊತೆ ಅಷ್ಟು ದಿನ ಕೆಲಸದ ಮಧ್ಯೆ ಇದ್ದಿದ್ದು ಅದೇ ಮೊದಲು. ಮಾತಾಡೋಕೆ ಏನೂ ಇರ್ಲಿಲ್ಲ, ಕ್ಯಾಮೆರಾ ಇತ್ತು.

ಹುಳಮನೇಲಿ ಫೋಟೋ ತೆಗೆಯೋದು ಕಷ್ಟ. ಹುಳಕ್ಕೆ ಜೋರು ಬೆಳಕು ಆಗಲ್ಲ, ಕಿಟಕಿಗೆಲ್ಲ ಗೋಣಿ, ಊಜಿ ನೊಣ ಬರದ ಹಾಗೆ ಬಲೆ. ಫ್ಲಾಶ್ ಹಾಕಿದ ಮೊದಲ ದಿನಾನೇ ಅಮ್ಮ ಬಾಗಿಲು ತೋರಿಸಿದ್ಲು. ಸೆಂಟು ಹಾಕ್ಕೊಂಡು ಬರಬಾರ್ದು, ಊದುಬತ್ತಿ ಹಚ್ಚಿದ ಕೈಯಲ್ಲಿ ಮುಟ್ಟಬಾರ್ದು, ಸೊಳ್ಳೆ ಬತ್ತಿ ಹತ್ರ ಸುಳೀಬಾರ್ದು. ಕ್ಯಾಮೆರಾನ ಕಮ್ಮಿ ಬೆಳಕಿಗೆ ಹೊಂದಿಸ್ಕೊಂಡು (ಐಎಸ್‌ಒ 3200, ಎಫ್ 1.8, 1/60 ಸೆಕೆಂಡ್), ಉಸಿರು ಹಿಡ್ಕೊಂಡು ತೆಗೆದೆ. ನೋಡಿದ್ರೆ ಹುಳ ಎಲ್ಲ ಬೂದಿ ಬಣ್ಣ, ಅಮ್ಮ ಚೆಲ್ಲಿದ್ದ ಸುಣ್ಣಾನೂ ಬೂದಿ. ಕ್ಯಾಮೆರಾದ ಮೀಟರ್ ಹಂಗೆ, ಫ್ರೇಮ್ ತುಂಬ ಬಿಳಿ ಕಂಡ್ರೆ ಇಷ್ಟೊಂದು ಬೆಳಕು ಇರೋಕಾಗಲ್ಲ ಅಂದ್ಕೊಂಡು ನಡುವಿನ ಬೂದಿಗೆ ಇಳಿಸಿಬಿಡುತ್ತೆ. ಕೈಯಾರೆ ಒಂದು ಸ್ಟಾಪ್, ಅಂದ್ರೆ ಬೆಳಕನ್ನ ಒಂದಕ್ಕೆರಡು, ಮೇಲೆತ್ತಿದ್ರೇನೇ ಬಿಳಿ ಬಿಳಿಯಾಗಿ ಬರೋದು. ಇದನ್ನ ಕಲಿಯೋಕೆ ಎರಡು ಬೆಳೆ ಹಿಡೀತು.

ಆ ಎರಡು ಬೆಳೇಲಿ ನಾನು ಅಮ್ಮನ ಕೈನ ಎಷ್ಟು ಹತ್ರದಿಂದ ನೋಡಿದೆ ಅಂದ್ರೆ, ಈಗ ಯಾವುದೋ ಕೈಗಳ ರಾಶಿಯಲ್ಲಿ ಇಟ್ರೂ ಗುರುತು ಹಿಡೀತೀನಿ. ಬಲಗೈ ಹೆಬ್ಬೆರಳಿನ ಒಳಮೈಯಲ್ಲಿ ಸೊಪ್ಪಿನ ಕರೆ ಗೆರೆಗೆರೆಯಾಗಿ ಕೂತಿದೆ, ತೋರುಬೆರಳಿನ ಗೆಣ್ಣಲ್ಲಿ ಕುಡುಗೋಲಿನ ಹಳೇ ಗಾಯ. ಜ್ವರಕ್ಕೆ ಕೂತ ಹುಳದ ಮೇಲೆ ಸುಣ್ಣ ಚೆಲ್ಲೋವಾಗ ಆ ಕೈ ಜರಡಿ ಹಿಡಿದ ಹಾಗೆ ಅಲ್ಲಾಡುತ್ತೆ, ಒಂದು ಕಡೆಗೂ ಜಾಸ್ತಿ ಬೀಳಲ್ಲ. (ಗೊತ್ತಿಲ್ಲದವರಿಗೆ: ಹುಳ ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ. ನಾಲ್ಕು ಸಲ ಜ್ವರ ಬರುತ್ತೆ. ಆಗ ತಲೆ ಎತ್ಕೊಂಡು ಅಲ್ಲಾಡದೆ ಕೂತಿರುತ್ತೆ, ಮೇವು ಹಾಕಬಾರ್ದು, ಮುಟ್ಟಬಾರ್ದು. ಎದ್ದ ಮೇಲೆ ಹಸಿವು ಅಂದ್ರೆ ಹಸಿವು, ನಾಲ್ಕನೇ ಜ್ವರ ಎದ್ದ ಮೇಲಂತೂ ರಾತ್ರಿ ಹಗಲು ಸೊಪ್ಪು ಕೊಯ್ದು ಸಾಕಾಗಲ್ಲ.)

ಮೊದಲ ಪ್ರಿಂಟ್ ಹಾಕಿಸಿದ್ದು ಶಿಡ್ಲಘಟ್ಟದ ಒಂದು ಸ್ಟುಡಿಯೋದಲ್ಲಿ, 4x6 ಸೈಜು. ಹೆಬ್ಬೆರಳಿನ ಆ ಫೋಟೋ. ಹಿಂದೆ ಬರೆದೆ:

ಸೊಪ್ಪಿನ ಕರೆ ಹಿಡಿದ ಹೆಬ್ಬೆರಳು,
ಎಷ್ಟು ತಿಕ್ಕಿದರೂ ಹೋಗಲ್ಲ ಅಂತೀಯ.
ಸಾವಿರ ಹುಳಕ್ಕೆ ನೋವಾಗದ ಹಾಗೆ ಮುಟ್ಟೋ ಬೆರಳು
ನನ್ನ ತಲೆಗೂದಲಿಗೆ ಯಾವಾಗ್ಲೂ
ಅವಸರದಲ್ಲೇ ಯಾಕೆ ಬರ್ತಿತ್ತು?

ಬಾಲ್ ಪೆನ್ನಲ್ಲಿ ಬರೆದಿದ್ದು ತಪ್ಪಾಯ್ತು. ಆ ಫೋಟೋ ಪೇಪರ್ ಹಿಂದೆ ಇಂಕ್ ಸರಿಯಾಗಿ ಹಿಡಿಯಲ್ಲ, ಒತ್ತಿ ಬರೆದೆ, ಒತ್ತಿದ್ದಕ್ಕೆ ಅಕ್ಷರ ಎಲ್ಲ ಮುಂದಕ್ಕೆ ಉಬ್ಬಿ ಬಂತು. ಬೆಳಕಿಗೆ ಓರೆ ಹಿಡಿದ್ರೆ ಅಮ್ಮನ ಕೈ ಮೇಲೆ ನನ್ನ ಪದ್ಯದ ಗೀರು ಕಾಣ್ತಿತ್ತು, ಉಲ್ಟಾ. ಮಾರನೇ ದಿನ ಸಿಡಿ ಮಾರ್ಕರ್ ತಂದೆ, ಆದ್ರೆ ಆ ಮೊದಲನೇದನ್ನ ಎಸೀಲಿಲ್ಲ.

ಫೋಟೋಗ್ರಫಿ ಗ್ರೂಪಲ್ಲಿ ಒಬ್ಬರು ಲಟೋಯಾ ರೂಬಿ ಫ್ರೇಜಿಯರ್ ಅನ್ನೋ ಅಮೆರಿಕದ ಫೋಟೋಗ್ರಾಫರ್ ಬಗ್ಗೆ ಹೇಳಿದ್ರು. ಪೆನ್ಸಿಲ್ವೇನಿಯಾದ ಬ್ರಾಡಕ್ ಅನ್ನೋ ಉಕ್ಕಿನ ಕಾರ್ಖಾನೆ ಊರಿನವರು, ಕಾರ್ಖಾನೆ ಜೊತೆಗೆ ಊರೂ ಸೊರಗಿಹೋಗಿದ್ದನ್ನ ಅಜ್ಜಿ, ಅಮ್ಮ, ತಾನು ಮೂರು ತಲೆಮಾರಿನ ಮೂಲಕ ಕಪ್ಪುಬಿಳುಪಲ್ಲಿ ವರ್ಷಗಟ್ಟಲೆ ತೆಗೆದಿದ್ದಾರೆ. ಅವರ ಅಮ್ಮ ಬರೀ ಮುಂದೆ ಕೂತವರಲ್ಲ, ಕ್ಯಾಮೆರಾ ಹಿಡಿದು ಮಗಳನ್ನೂ ತೆಗೆದಿದ್ದಾರೆ. ಆ ಫೋಟೋಗಳನ್ನ ನೋಡ್ತಾ ನನಗೆ ಹೊಟ್ಟೆ ಉರೀತು, ನಿಜ ಹೇಳ್ತೀನಿ. ಅಮ್ಮನೂ ಮಗಳೂ ಒಂದೇ ಫ್ರೇಮಲ್ಲಿ ನೆಟ್ಟಗೆ ನಮ್ಮ ಕಡೆ ನೋಡ್ತಾರೆ. ನಾನು ಒಬ್ಬಳೇ ಕದ್ದು ಕದ್ದು ತೆಗೀತಿದ್ದೆ, ಹಿಂದೆ ಬರೆದಿದ್ದನ್ನ ಯಾವತ್ತೂ ತೋರಿಸಿರ್ಲಿಲ್ಲ. ಅವಳಿಗೆ ಉತ್ತರ ಕೊಡೋಕೆ ನಾನು ಜಾಗಾನೇ ಬಿಟ್ಟಿರ್ಲಿಲ್ಲ. ಆಗ ಅದು ನನಗೆ ಹೊಳೀಲೂ ಇಲ್ಲ.

ಕ್ಯಾಲೆಂಡರ್ ವಿಷಯಕ್ಕೆ ಬರ್ತೀನಿ. ಅಮ್ಮ ಓದಿರೋದು ನಾಲ್ಕನೇ ಕ್ಲಾಸ್. ಆದ್ರೆ ಹುಳದ ಲೆಕ್ಕ ಎಲ್ಲ ಗೋಡೆ ಕ್ಯಾಲೆಂಡರ್ ಚೌಕದಲ್ಲಿ ಪೆನ್ಸಿಲಲ್ಲಿ ಬರೀತಾಳೆ: ಎಷ್ಟು ಮೊಟ್ಟೆ (ಒಂದು ಚಿಟ್ಟೆ ಇಟ್ಟಿದ್ದೆಲ್ಲ ಸೇರಿ ನಮಗೆ ಒಂದು ಮೊಟ್ಟೆ), ಚಾಕಿ (ಎಳೇ ಹುಳ ಸಾಕೋದು) ಯಾವತ್ತು, ಒಂದನೇ ಜ್ವರ, ಎರಡನೇ ಜ್ವರ, ಹಣ್ಣಾಗಿದ್ದು (ಹುಳ ಗೂಡು ಕಟ್ಟೋಕೆ ತಯಾರಾಗಿದ್ದು), ಗೂಡು ಬಿಡಿಸಿದ್ದು, ಮಾರ್ಕೆಟ್ಟಲ್ಲಿ ಕೆ.ಜಿ.ಗೆ ಏನು ಸಿಕ್ತು. ವರ್ಷ ಮುಗಿದ್ರೂ ಎಸೆಯಲ್ಲ. ಅಟ್ಟದ ಮೇಲೆ ಸುತ್ತಿ ಇಟ್ಟಿದ್ದಳು, ಹಾಳೆಗಳಿಗೆ ಇಲಿ ಹೊಡೆದಿತ್ತು. ಒಂದೊಂದನ್ನೇ ಇಳಿಸಿ ಬಿಸಿಲಲ್ಲಿ ಹಾಸಿ ಮೇಲಿಂದ ಫೋಟೋ ತೆಗೆದೆ. ತೆಗೀತಾ ತೆಗೀತಾ ನಾನು ಹುಡುಕ್ತಿದ್ದಿದ್ದು ನನ್ನನ್ನ. 2001ರಿಂದ 2006ರವರೆಗೆ ಪ್ರತಿ ಚೌಕ ನೋಡಿದೆ. ತಮ್ಮನ ಪೋಲಿಯೋ ಹನಿ ಎರಡು ಕಡೆ ಇದೆ. ಹಸು ಕರು ಹಾಕಿದ್ದು ಇದೆ. ನನ್ನ ಹೆಸರು ಎಲ್ಲೂ ಇಲ್ಲ, ನಾನು ಹೋದ ದಿನಾನೂ ಇಲ್ಲ, ಬಂದ ದಿನಾನೂ ಇಲ್ಲ. 2001ರ ಹಾಳೆಗಳನ್ನ ಬರಹ ಇರೋ ಕಡೆ ಮಾತ್ರ ಬರೋ ಹಾಗೆ ಕ್ರಾಪ್ ಮಾಡಿ ಸೇವ್ ಮಾಡಿದೆ. ಆವತ್ತು ರಾತ್ರಿ ಈ ಪದ್ಯ ಬರೆದೆ, ಚಿಂತಾಮಣಿ ಬಸ್ ಸ್ಟ್ಯಾಂಡಿನ ಖಾಲಿ ಬೆಂಚಿನ ಫೋಟೋ ಹಿಂದೆ:

ನಾಲ್ಕನೇ ಜ್ವರ ಎದ್ದ ಹುಳಕ್ಕೆ
ಸೊಪ್ಪು ಹಾಕ್ಬೇಕು ಅಂತ
ಬಸ್ ಹತ್ತಿದೆ ನೀನು,
ತಿರುಗಿ ನೋಡಲಿಲ್ಲ.
ಆ ಹುಳ ಗೂಡು ಕಟ್ಟಿ, ಗೂಡು ಮಾರ್ಕೆಟ್ಟಿಗೆ ಹೋಗಿ,
ನೂಲಾಗಿ, ಯಾರದೋ ಸೀರೆಯಾಗಿ, ಸವೆದೂ ಹೋಯ್ತು.
ನಾನಿನ್ನೂ ಬಸ್ ಸ್ಟ್ಯಾಂಡಲ್ಲಿ ನಿಂತಿದ್ದೀನಿ
ನಿನ್ನ ಸೆರಗಿನ ಬಣ್ಣ ನೆನಪು ಮಾಡ್ಕೊಂಡು.

ಹುಳಕ್ಕೋಸ್ಕರ ನನ್ನ ಬಿಟ್ಲು. ಇದು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ, ಆರು ವರ್ಷದವಳಿದ್ದಾಗಿಂದ ನಾನೇ ನಂಬಿಕೊಂಡು ಬಂದಿದ್ದು.

ಹೋದ ವರ್ಷ ದೀಪಾವಳಿಗೆ ಹೋದಾಗ ಪ್ರಿಂಟುಗಳ ಕವರ್ ಮಂಚದ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬೇಕು ಅಂತ ಬಿಟ್ಟೆನಾ, ಮರೆತೆನಾ, ಈಗ ಕೇಳಿದ್ರೆ ನನಗೂ ಹೇಳೋಕಾಗಲ್ಲ. ಬಂದು ನೋಡಿದ್ರೆ ಅಮ್ಮ ಹೊಸಿಲ ಮೇಲೆ ಬೆಳಕಿಗೆ ಕೂತು ಕನ್ನಡಕ ಹಾಕ್ಕೊಂಡು ಬೆರಳಿಟ್ಟು ಓದ್ತಿದ್ದಾಳೆ. ಜೋರಾಗಿ ಓದ್ತಾಳೆ ಅವಳು, ಮನಸ್ಸಲ್ಲಿ ಓದೋದು ಅಭ್ಯಾಸ ಇಲ್ಲ. ನಾ, ಲ್ಕ, ನೇ, ಜ್ವ, ರ. ನನ್ನ ಪದ್ಯ ನನ್ನ ಅಮ್ಮನ ಬಾಯಲ್ಲಿ ಒಂದೊಂದೇ ಅಕ್ಷರ ಆಗಿ ಬರೋದನ್ನ ಒದ್ದೆ ತಲೇಲಿ ನಿಂತು ಕೇಳಿದೆ. ಕಾಲು ಅಲ್ಲೇ ಹೂತುಹೋದ ಹಾಗೆ ಆಯ್ತು. ಸವೆದೂ ಹೋಯ್ತು ಅನ್ನೋದನ್ನ ಎರಡು ಸಲ ಓದಿದ್ಲು. ಮುಗಿಸಿ ಕನ್ನಡಕ ತೆಗೆದು ಹೇಳಿದ್ಲು,

"ಇದು ತಪ್ಪು."

ಯಾವುದು ಅಂದೆ.

"ನಾಲ್ಕನೇ ಜ್ವರ ಎಲ್ಲಿತ್ತು ಆವಾಗ? ಹುಳಾನೇ ಇರ್ಲಿಲ್ಲ."

ಆಮೇಲೆ ಹೇಳ್ತಾ ಹೋದ್ಲು, ನನ್ನ ಕಡೆ ನೋಡದೆ, ಕೈಯಲ್ಲಿರೋ ಫೋಟೋ ನೋಡ್ಕೊಂಡು. ಚೈನಾ ರೇಷ್ಮೆ ಬಂದು ಗೂಡಿನ ರೇಟು ಬಿದ್ದಿದ್ದ ಕಾಲ. ಸಾಲ ತಂದು 150 ಮೊಟ್ಟೆ ಇಟ್ಟಿದ್ರು. ಮೂರನೇ ಜ್ವರ ಎದ್ದ ಮೇಲೆ ಹುಳಕ್ಕೆ ಹಾಲುತೊಂಡೆ ರೋಗ ಬಂತು. ಮೈ ಊದಿಕೊಂಡು, ಮುಟ್ಟಿದ್ರೆ ಹಾಲಿನಂಥ ನೀರು ಸುರಿಯೋದು, ಒಂದು ಕಡೆ ನಿಲ್ಲದೆ ತಟ್ಟೆ ಅಂಚಿಗೆ ಬಂದು ಬಂದು ಕೆಳಗೆ ಬೀಳ್ತಿದ್ವಂತೆ. ಎರಡು ದಿನ ಆರಿಸಿ ಆರಿಸಿ ತೆಗೆದ್ರು. ಮೂರನೇ ದಿನ ಎಲ್ಲ ತಟ್ಟೆ ಹೊರಗೆ ತಂದು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದ್ರು. ಅಪ್ಪ ಗುಂಡಿ ಹತ್ರಾನೇ ಕೂತ್ಬಿಟ್ರಂತೆ, ಊಟಕ್ಕೂ ಏಳ್ಲಿಲ್ಲವಂತೆ.

"ಮನೇಲಿ ರಾಗಿ ಇರ್ಲಿಲ್ಲ. ನಿನ್ನ ತಮ್ಮಂಗೆ ನನ್ನ ಎದೇಲಿ ಹಾಲಿತ್ತು. ನಿಂಗೇನ್ ಕೊಡ್ಲಿ?"

ಇದನ್ನ ಅವಳು ಅಳ್ತಾ ಹೇಳ್ಲಿಲ್ಲ. ಮೇವಿನ ಲೆಕ್ಕ ಹೇಳೋ ಥರಾನೇ ಹೇಳಿದ್ಲು. ತಮ್ಮನ್ನ ಇಟ್ಕೊಂಡು ನನ್ನ ಯಾಕೆ ಕಳಿಸಿದ್ರು ಅನ್ನೋದು ನನ್ನ ಜೀವನದ ಅತಿ ದೊಡ್ಡ ಪ್ರಶ್ನೆ ಆಗಿತ್ತು, ಗಂಡು ಮಗ ಅಂತ ಅಂದ್ಕೊಂಡಿದ್ದೆ, ಆ ಸಿಟ್ಟನ್ನ ತಮ್ಮನ ಮೇಲೂ ತೀರಿಸಿಕೊಂಡಿದ್ದೀನಿ.

ಆಮೇಲೆ ಫೋಟೋದ ಬೆಂಚಿನ ಮೇಲೆ ಬೆರಳಿಟ್ಟು ತೆಲುಗಿಗೆ ತಿರುಗಿದ್ಲು. "ತಿರಿಗಿ ಚೂಸಿನಾ ನೇನು." ತಿರುಗಿ ನೋಡಿದ್ದೆ ನಾನು. "ನೀನು ಬನ್ ತಿಂತಿದ್ದೆ. ಅಜ್ಜಿ ಕೊಡಿಸಿತ್ತು. ನೀನೇ ನನ್ನ ಕಡೆ ನೋಡ್ಲಿಲ್ಲ."

ನನಗೆ ಆ ಬನ್ ಸ್ವಲ್ಪಾನೂ ನೆನಪಿಲ್ಲ. ಸೆರಗಿನ ಬಣ್ಣ ನೆನಪಿದೆ, ಕಾಫಿ ಬಣ್ಣಕ್ಕೆ ಹಳದಿ ಅಂಚು. ಬನ್ ಇಲ್ಲ. ಹಸಿದಿದ್ದ ಮಗು ಬನ್ ನೋಡ್ತಿತ್ತು ಅನ್ನೋದನ್ನ ನಂಬದೇ ಇರೋಕೂ ಆಗ್ತಿಲ್ಲ.

ಐದು ವರ್ಷ ಯಾಕೆ ಅಂತ ಕೇಳಿದೆ. ಒಂದು ಬೆಳೆ ಹೋದ್ರೆ ಮೂರು ತಿಂಗಳು, ಆರು ತಿಂಗಳು ಕಷ್ಟ, ಐದು ವರ್ಷ ಯಾಕೆ. ಅಮ್ಮ ಉತ್ತರ ಕೊಡ್ಲಿಲ್ಲ. ಫೋಟೋಗಳನ್ನ ಜೋಡಿಸಿ ಕವರಿಗೆ ಹಾಕಿ, ಸೊಪ್ಪು ಕೊಯ್ಯೋ ಹೊತ್ತಾಯ್ತು ಅಂತ ಎದ್ದು ಹೋದ್ಲು. ಅಮ್ಮ ಮಗಳು ತಬ್ಬಿಕೊಂಡು ಅತ್ತರು ಅಂತ ಬರೆಯೋಕೆ ನನಗೂ ಆಸೆ ಇದೆ, ಆದ್ರೆ ಹಂಗೇನೂ ಆಗ್ಲಿಲ್ಲ. ಸಿಟ್ಟು ಹೋಗಿಲ್ಲ. ಇಷ್ಟು ವರ್ಷ ಹುಳದ ಮೇಲೆ ಹೊರಿಸಿದ್ದ ಸಿಟ್ಟು ಈಗ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗದೆ ಓಡಾಡ್ತಿದೆ.

ಬೆಂಗಳೂರಿಗೆ ವಾಪಸ್ ಬಂದು ಕ್ಯಾಲೆಂಡರ್ ಫೋಟೋಗಳ ಒರಿಜಿನಲ್ ಫೈಲ್ ತೆಗೆದೆ. ಕ್ರಾಪ್ ಮಾಡದೇ ಇರೋದು. ಜೂನ್ 2001. ಮೇಲಿನ ಚೌಕದಲ್ಲಿ 150 ಮೊಟ್ಟೆ, ಆಮೇಲೆ ಚಾಕಿ, ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ. ಅಲ್ಲಿಂದ ಮುಂದೆ ಏನಿಲ್ಲ. ನಾಲ್ಕನೇ ಜ್ವರ ಅಂತ ಎಲ್ಲೂ ಬರೆದಿಲ್ಲ. ಜೂನ್ ಮುಗಿದು ಜುಲೈ ಪೂರ್ತಿ ಖಾಲಿ, ಆಗಸ್ಟ್ ಖಾಲಿ, ಸೆಪ್ಟೆಂಬರ್ ಮಧ್ಯದಲ್ಲಿ 50 ಮೊಟ್ಟೆ ಅಂತ ಸಣ್ಣಗೆ. ಆ ಖಾಲಿ ಚೌಕಗಳನ್ನೇ ನಾನು ಏನೂ ಇಲ್ಲ ಅಂತ ಕತ್ತರಿಸಿ ಬಿಸಾಕಿದ್ದೆ. ನಾನು ಹೋದ ದಿನ ಅದರಲ್ಲೇ ಎಲ್ಲೋ ಒಂದು ಚೌಕ.

ಆ ಹಾಳೆಗಳನ್ನ ಈಗ ದೊಡ್ಡ ಸೈಜಲ್ಲಿ ಪೂರ್ತಿ ಪ್ರಿಂಟ್ ಹಾಕಿಸಿದ್ದೀನಿ, ಇಲಿ ಹೊಡೆದಿದ್ದ ಅಂಚಿನ ಸಮೇತ, ಒಂದು ಸ್ಟಾಪ್ ಮೇಲೆತ್ತಿ, ಹಾಳೆ ಬಿಳಿಯಾಗಿ ಕಾಣೋ ಹಾಗೆ. ಬಸ್ ಸ್ಟ್ಯಾಂಡ್ ಪದ್ಯವನ್ನ ತಿದ್ದಿಲ್ಲ. ತಿದ್ದಿದ್ರೆ ಆರು ವರ್ಷದ ನನಗೆ ಮೋಸ ಮಾಡಿದ ಹಾಗೆ. ಆದ್ರೆ ತಿರುಗಿ ನೋಡಲಿಲ್ಲ ಅನ್ನೋ ಸಾಲಿನ ಪಕ್ಕ ಅಮ್ಮನ ಮಾತನ್ನ ಅವಳು ಹೇಳಿದ ಹಾಗೇ ಬರೆದೆ, ಮಾರ್ಕರ್ ಬಣ್ಣ ಬದಲಿಸಿ. ಈಗ ಆ ಹಾಳೇಲಿ ಇಬ್ಬರೂ ಮಾತಾಡ್ತಿದ್ದೀವಿ, ಒಬ್ಬರದ್ದು ಒಬ್ಬರು ಒಪ್ಪದೆ.

ನಿನ್ನೆ ರಾತ್ರಿ ಅಮ್ಮ ಫೋನ್ ಮಾಡಿದ್ಲು, ಅವಳಾಗೇ ಮಾಡೋದು ಕಮ್ಮಿ. ಹುಳ ಹಣ್ಣಾಗ್ತಿವೆಯಂತೆ, ನಾಳೆ ನಾಡಿದ್ದಲ್ಲಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡಬೇಕಂತೆ, ಕೂಲಿಗೆ ಜನ ಸಿಗ್ತಿಲ್ಲವಂತೆ. ಬರ್ತೀನಿ ಅಂದೆ. ಕ್ಯಾಮೆರಾ ತರ್ಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು,

"ತಾ. ಮೊದ್ಲು ಹುಳ ಆಯ್ದುಕೊಡು, ಆಮೇಲೆ ತಕ್ಕೋ" ಅಂದ್ಲು.